ಎರಡನೆಯ ಮೂರು ಗಂಟೆ

ಲಿಯೆಪಾಯ ಬಂದರಿನ ಪಹರೆ ಕೋಣೆಯಲ್ಲಿ ಕಂಪ್ಯೂಟರ್ ಒಂದೇ,
ಕೂರುವವರು ಇಬ್ಬರು.
ಹಗಲಿಗೆ ಇಲ್ಗ್‌ವಾರ್ಸ್, ಇರುಳಿಗೆ ನಾನು, ಸ್ಕೈದ್ರೀತೆ.
ಕುರ್ಚಿಯ ಎತ್ತರಕ್ಕೆ ಜಗಳವಿಲ್ಲ,
ಬಾಲ್ಟಿಕ್ ಗಾಳಿಗೆ ಕಿಟಕಿಯ ಸಂದಿಯಲ್ಲಿ ತುರುಕುವ
ಹಳೆ ಪೇಪರಿಗೂ ಇಲ್ಲ;
ಇರುವುದೆಲ್ಲ ಪರದೆಯ ಬಲಮೂಲೆಯ
ಬೆಂಕಿಪೊಟ್ಟಣದಗಲ ಜಾಗಕ್ಕೆ.

ಅವನು ಎದ್ದು ಹೋಗುವಾಗ ಅಲ್ಲೊಂದು ದುಂಡು ಗಡಿಯಾರ,
ಬಿಳಿ ಮುಖ, ಎರಡು ಕರಿ ಮುಳ್ಳು.
ಕೋಟು ಬಿಚ್ಚುವ ಮೊದಲೇ ಅದನ್ನು ಕಿತ್ತು
ಅಂಕಿ ಕೂರಿಸುತ್ತೇನೆ: 20:04.
ಬೆಳಿಗ್ಗೆ ಅವನು ಮತ್ತೆ ಮುಳ್ಳು ನೆಡುತ್ತಾನೆ.
ಹನ್ನೊಂದು ವರ್ಷದಿಂದ ಇದೇ ಬೇಸಾಯ.

ಅವನ ವಾದ: "ಅಂಕಿ ಎಷ್ಟಾಯಿತೆಂದು ಹೇಳುತ್ತದೆ,
ಎಷ್ಟು ಉಳಿಯಿತೆಂದು ಹೇಳುವುದಿಲ್ಲ.
ಇದು ನೋಡು, ರೊಟ್ಟಿಯ ಹಾಗೆ.
ಮುಕ್ಕಾಲು ತಿಂದೆ, ಕಾಲು ಇದೆ."
ಎಡಗಣ್ಣಿಗೆ ಪೊರೆ ಬಂದವನು;
ಓದುವುದಿಲ್ಲ, ಆಕಾರ ನೋಡುತ್ತಾನೆ,
ದೂರದ ಹಡಗನ್ನು ಗುರುತಿಸುವ ಹಾಗೆ.

ನನ್ನ ವಾದ ನಾನು ಹೇಳಿಲ್ಲ.
ಪಾಳಿ ಬದಲಾಗುವ ಹತ್ತು ನಿಮಿಷದಲ್ಲಿ ಹೇಳುವಂಥದಲ್ಲ.
ಒಂದು ಜನವರಿ, ಪೈಲಟ್ ದೋಣಿಯ ರೇಡಿಯೋ
ನಲವತ್ತು ನಿಮಿಷ ಸತ್ತಿತ್ತು.
ಆಗ ಗೋಡೆಯ ಮೇಲಿದ್ದುದು ದುಂಡನೆಯದೇ.
ನೋಡಿದಷ್ಟು ಹೊತ್ತೂ ಮುಳ್ಳು ಅಲ್ಲಾಡಲಿಲ್ಲ.
ಕಣ್ಣು ತೆಗೆದರೆ ಮಾತ್ರ ಒಂದು ಗೆರೆ ಮುಂದೆ,
ಕದ್ದು ನಡೆಯುವ ಕಾಲು ಅದಕ್ಕೆ.
ದೋಣಿ ಬಂತು. ಮೂವರೂ ಬಂದರು, ಬೈದುಕೊಳ್ಳುತ್ತಲೇ ಬಂದರು.
ಆದರೂ ಅವತ್ತಿನಿಂದ ನನಗೆ
ಎದುರಿಗೇ, ಮುಖ ಕೊಟ್ಟು ಬದಲಾಗುವ ಹೊತ್ತು ಬೇಕು.

ಅಕ್ಟೋಬರಿನ ಕೊನೆಯ ಭಾನುವಾರ.
ದೇಶಕ್ಕೆ ದೇಶವೇ ಮಲಗಿರುವಾಗ
ಒಂದು ಗಂಟೆ ಹಿಂದಕ್ಕೆ ಹೋಗುವ ರಾತ್ರಿ.
03:52, ಉಪ್ಪು ಹೊತ್ತ ಹಡಗು ಒಳಬಂತು, ಬರೆದೆ.
03:59. ರೆಪ್ಪೆ ಬಡಿಯಲಿಲ್ಲ ನಾನು.
03:00.
ನಾಚಿಕೆಯಿಲ್ಲದೆ, ಒಂದು ಕೆಮ್ಮೂ ಇಲ್ಲದೆ.
03:07, ಪೈಲಟ್ ಇಳಿದ, ಅದನ್ನೂ ಬರೆದೆ.
ಈಗ ದಾಖಲೆಯ ಪ್ರಕಾರ
ಹಡಗು ಬರುವುದಕ್ಕೆ ಮುಕ್ಕಾಲು ಗಂಟೆ ಮುಂಚೆಯೇ
ಜಿಂತರ್ಸ್ ಅದರಿಂದ ಇಳಿದಿದ್ದಾನೆ,
ಸಿಗರೇಟು ಹಚ್ಚಿಕೊಂಡು, ನೀರಿನ ಮೇಲೆ ನಡೆದು.

ಮುಖ ಕೊಟ್ಟು ಬದಲಾಗುವುದೆಂದರೆ ಇದೇನೇ?
ಮುಳ್ಳಾದರೆ ಏನನ್ನುತ್ತಿತ್ತೋ ಎಂದು
ದುಂಡನೆಯದನ್ನು ಕರೆದು ನಿಲ್ಲಿಸಿದೆ.
ಮೂರು ಹೊಡೆದು ಒಂಬತ್ತು ನಿಮಿಷ. ಮಳ್ಳಿಯ ಮುಖ.
ಏನೂ ಆಗಿಲ್ಲ ಅದಕ್ಕೂ.
ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
'ಮೂರು ಗಂಟೆ, ಎರಡನೆಯ ಸಲ.'

ಇನ್ನೂ ಒಂದು ಗಂಟೆ ಪಾಳಿ ಇರುವಾಗ
ಬಾಗಿಲು ತಳ್ಳಿದ ಇಲ್ಗ್‌ವಾರ್ಸ್.
ಕೀಲಿ ತಿರುಗಿಸುವ ಕೈಗಡಿಯಾರ ಅವನದು,
ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.
"ಎಂಟಾಯಿತು, ಏಳು" ಎಂದ.
"ಏಳೇ" ಎಂದೆ, ಏಳದೆ.
ಪರದೆ ನೋಡಿದ. ಕೆಳಗಿನ ಮುಳ್ಳು, ಮೇಲಿನ ಮುಳ್ಳು.
ಇದನ್ನು ಯಾರಿಟ್ಟರು ಎಂದು ಕೇಳಲಿಲ್ಲ.

ಪೇಪರಿನಲ್ಲಿ ಸುತ್ತಿದ ಹೊಗೆಮೀನು ಬಿಚ್ಚಿದ,
ಕರಿ ರೊಟ್ಟಿ ಕೊಯ್ದ, ಸಮಸಮ ಅಲ್ಲ,
ದೊಡ್ಡದು ನನ್ನ ಕಡೆಗೆ.
ಗುರುವಾರ ಕಣ್ಣಿನ ಆಪರೇಷನ್ ಅಂದ,
ಹೆದರಿಕೆ ಅಂತ ಹೇಳದೆ ಮೂರು ಸಲ ತಾರೀಖು ಹೇಳಿದ.
ನಾನು ಆ ಜನವರಿಯನ್ನು ಹೇಳಿದೆ, ಅರ್ಧದಷ್ಟು.
ಉಳಿದ ಅರ್ಧ ಅವನಿಗೆ ಗೊತ್ತಿತ್ತು:
ದೋಣಿಯಲ್ಲಿದ್ದ ಮೂವರಲ್ಲಿ ಒಬ್ಬ ಅವನ ಭಾವಮೈದುನ.
ಕೈಯೊರೆಸಿಕೊಂಡಾಗ
ಎಷ್ಟಾಯಿತೆಂದು ಇಬ್ಬರೂ ನೋಡಿರಲಿಲ್ಲ.

ಮರುರಾತ್ರಿ ಬಂದರೆ ಮತ್ತೆ ಅದೇ ಮುಳ್ಳು.
ಕೀಳಲು ಹೋದವಳು ತಡೆದೆ,
ಒಂದೇ ಒಂದು ಸಲ ಅದು ಕದಲುವುದನ್ನು
ನೋಡಿಯೇಬಿಡೋಣವೆಂದು, ಕೋಟಿನಲ್ಲೇ ನಿಂತು.
ಫೋನು ಬಂತು.
ತಿರುಗುವಷ್ಟರಲ್ಲಿ ಕದಲಿಯಾಗಿತ್ತು.