ಸಪ್ಪಳ

ಮೂರು ಬಂದೂಕು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಗುರುತು
ನಾ ಸಣ್ಣಾಕಿದ್ದಾಗಿಂದ ಕಂಡದ್ದು, ಸೈಕಲ್ಲಿನ ಹಣಿ ಮ್ಯಾಲೆ.
ನಮ್ಮಪ್ಪ ಅದನ್ನ ಕಣಿಕಿ ಸೂಡು ಅಂತಿದ್ದ.
ಜ್ವಾಳ ಕೊಯ್ದ ಮ್ಯಾಲೆ ಹೊಲದಾಗ ನಿಲ್ಲಿಸತಾರಲ್ಲ, ಹಂಗ.
ಬಾಳ ದಿನ ನಂಬಿದ್ದೆ.

ಮೊನ್ನೆ ಗುರಲಿಂಗಪ್ಪ ತೋಳನೂರ,
ರೇಶನ್ ಕಾರ್ಡಿನಾಗ ತೋಳನೂರೆ,
ಹಳೇ ಸೀರಿ ಸುತ್ತಿ ತಂದ ಗಾಳಿ ಬಂದೂಕಿನ ಮೈಮ್ಯಾಲೂ
ಅದೇ ಸೂಡು.
"ಸೈಕಲ್ ಮಾಡಿದವರೇ ಇದನ್ನೂ ಮಾಡ್ಯಾರ ಅಂದಮ್ಯಾಲೆ
ರಿಪೇರಿ ನಿನಗ ಬರಲೇಬೇಕಲ್ಲ, ಶಾವಂತ್ರಿ?"
ವಾದ ಸರಿ ಇತ್ತು.

ಮದ್ದಿಲ್ಲ ಇದರಾಗ, ಬೆಂಕಿ ಇಲ್ಲ.
ಒಂದು ಸ್ಪ್ರಿಂಗು, ಅದರ ಮುಂದ ಪಿಸ್ಟನ್ನು,
ಪಿಸ್ಟನ್ನಿನ ತಲಿಗೆ ತೊಗಲಿನ ಟೋಪಿ.
ಪಂಪ್ ಹೊಡದು ಸವದ ಕೈಗೆ
ಗಾಳಿ ಎಲ್ಲಿ ಸೋರತದ ಅಂತ ಯಾರೂ ಕಲಿಸಬೇಕಿಲ್ಲ.

ಅವರಪ್ಪ ಮಿಲ್ಲಿನಾಗ ಪಾರಿವಾಳ ಹೊಡಿಯಾವ.
ಪಗಾರ ಪುಸ್ತಕದಾಗ ಬ್ಯಾರೇನೋ ಬರದಿತ್ತಂತ,
ಕೆಲಸ ಇಷ್ಟ: ತೊಲಿ ಮ್ಯಾಲೆ ಕೂತ ಹಕ್ಕಿ
ಚಾದರದ ಮ್ಯಾಲೆ ಹೇಲದಂಗ ನೋಡೂದು.
ಬಿಳೀ ಸಾಹೇಬ ಊರಿಗೆ ಹೋಗೂಮುಂದ
ಟೋಪಿ ಒಯ್ದ, ನಾಯಿ ಒಯ್ದ, ಬಂದೂಕು ಬಿಟ್ಟ.

ಬಿಚ್ಚಾಕ ಕೂತಾಕಿ ತಡದೆ.
ಕೆಳಗಿನ ದಾಂಡು ಎಳದರ ಭಾರಾನ ಇಲ್ಲ.
ಎಳದಿಟ್ಟದ್ದು!
ಬೆರಳಷ್ಟು ಉದ್ದದ ನಲ್ಲಿ ತಿರುವಿ ಬಗ್ಗಿಸಿದೆ:
ಸೀಸದ ಗುಂಡು, ಬೂಷ್ಟು ಹಿಡದಂಗ ಬೆಳ್ಳಗಾಗಿ
ಅಂಗೈಗೆ ಬಿತ್ತು.

ಭೋಂಗಾ ನಿಂತು ನಲವತ್ತು ವರ್ಷ.
ಯಾವ ಹಕ್ಕಿಗೆ ಹಿಡದಿದ್ದನೋ ಗುರಿ, ಯಾಕ ಬಿಡಲಿಲ್ಲೋ.
ಬಾಗಲಕ್ಕ ಕೀಲಿ ಬಿದ್ದ ಸುದ್ದಿ ಆಗ ಬಂತೋ,
ಇಲ್ಲಾ ಕೈಯೇ ಬ್ಯಾಡಂತೋ.
ದಾಂಡು ಬಿಗಿ ಹಿಡದು, ಕುದುರಿ ಒತ್ತಿ,
ಮಲಗಿದ ಕೂಸಿನ್ನ ತೊಟ್ಟಲಿಗೆ ಹಾಕಿದಂಗ ಮೆಲ್ಲಕ ಇಳಿಸಿದೆ.
ನಲವತ್ತು ವರ್ಷದ ಎಳತ ನನ್ನ ರಟ್ಟಿಗೆ ಬಂತು,
ರಾತ್ರಿ ರೊಟ್ಟಿ ಬಡಿಯಾಕ ಆಗಲಿಲ್ಲ.

ಹೊರಗ ಬಂದ ಸ್ಪ್ರಿಂಗು ಕಲ್ಲಿನ ಮ್ಯಾಲೆ ಉರುಳಿಸಿದರ
ಕುಂಟತಿತ್ತು.
ಹೊಸಾದು ಎಮ್.ಐ.ಡಿ.ಸಿ.ಯಾಗ ಸುತ್ತಿಸಿದೆ,
ಸೊಕ್ಕು ಜಾಸ್ತಿ ಅಂತ ಎರಡು ಸುತ್ತು ಕತ್ತರಿಸಿದೆ,
ತುದಿ ಕಾಸಿ ಬಡದು, ಕನ್ನಡಿ ಆಗೂತನಕ ತಿಕ್ಕಿದೆ.
ಟೋಪಿಗೆ ದಶರಥ ಕಾಂಬಳೆಯ ಎಮ್ಮಿ ತೊಗಲು.
ನೆನಿ ಇಡಾಕ ಅವನದೇ ಗಡಿಗಿ ಎಣ್ಣಿ, ಯಾವುದಂತ ಹೇಳಲಿಲ್ಲ.
ಎಣ್ಣಿ ಹೆಚ್ಚಾಗಿ ಮೊದಲಿನ ಏಟಿಗೆ ಡಬ್ ಅಂತ ಹೊಗಿ ಬಂದು
ಬಾಜೂ ಇಸ್ತ್ರಿಯವ ಓಡಿ ಬಂದ.

ಆಮ್ಯಾಲಿನದು ಹಟ.
ಒಳಗ ಸ್ಪ್ರಿಂಗು ನಡಗತಿತ್ತು, ಠಂಯ್ ಅಂತ,
ನನಗದು ಸೇರಲಿಲ್ಲ.
ಥಂಡಾ ಡಬ್ಬಿ ಕತ್ತರಿಸಿ ತಗಡಿನ ಅಂಗಿ ಹೊಲದು ತೊಡಿಸಿದೆ,
ಗ್ರೀಸು ಕಾಡಿಗಿಯಷ್ಟ ಹಚ್ಚಿದೆ.
ಒಂದು ವಾರ.
ಕಡೀಕ ಪುಸ್ತಕ ಮುಚ್ಚಿದಷ್ಟ ಸಪ್ಪಳ.

ಗುರಲಿಂಗಪ್ಪ ಸಾಬೂನಿನ ಗಟ್ಟಿಗೆ ಗುರಿ ಇಟ್ಟು ಹೊಡದ.
ನಟ್ಟನಡುವ ತೂತು.
ಬಂದೂಕು ತೊಡಿ ಮ್ಯಾಲೆ ಇಟ್ಟುಕೊಂಡು ಸುಮ್ಮನ ಕೂತ.
"ಛಲೋ ಮಾಡೀದಿ. ಖರೆ, ಇದು ನಮ್ಮಪ್ಪ ಅಲ್ಲ."

ಬುತ್ತಿ ತಗೊಂಡು ಗೇಟಿನ ಹೊರಗ ನಿಲ್ಲತಿದ್ನಂತ ಹುಡುಗ.
ಸುಟ್ಟಿಗೆ ಮಗ್ಗ ನಿಂತ ಕೂಡಲೆ
ಗ್ವಾಡಿ ಆಚಿಂದ ಆ ಠಂಯ್.
ಅಪ್ಪ ಇನ್ನೊಂದು ಗಳಿಗಿಗೆ ಬರತಾನ ಅಂತ ಅರ್ಥ.

ವಾರದ ಕೆಲಸ ಅರ್ಧ ತಾಸಿನಾಗ ಬಿಚ್ಚಿದೆ.
ತಗಡಿನ ಅಂಗಿ ಕಳಚಿ ಬುಟ್ಟಿಗೆ ಒಗದು
ಮತ್ತ ಜೋಡಿಸಿ ಕೊಟ್ಟೆ.

ಠಂಯ್‌ಯ್‌ಯ್
ಮೊಳಿಗೆ ತೂಗಹಾಕಿದ ಗಾಲಿಗಳ ಕಡ್ಡೀನೂ
ಸಣ್ಣಗ ಹೌದಂದವು.
ಮುದುಕ ಹನ್ನೊಂದು ಗುಂಡು ಖರ್ಚು ಮಾಡಿದ,
ಸಾಬೂನು ಪುಡಿ ಆತು.

ಸೀರಿ ಸುತ್ತೂಮುಂದ ಹೇಳಿದೆ:
ಎಳದು ಇಡಬ್ಯಾಡ ಕಾಕಾ,
ಎಳದರ ಬಿಟ್ಟುಬಿಡು.

ಆ ಬಿಳೀ ಗುಂಡಿನ ಸುದ್ದಿ ನಾ ಹೇಳಲಿಲ್ಲ.
ಛರ್ರಾ ಡಬ್ಬಿಯೊಳಗ ಅದ.
ಬೇರಿಂಗ್ ತುಂಬೂಮುಂದ ಒಮ್ಮೊಮ್ಮೆ ಕೈಗೆ ಬರತದ,
ಉಳದವೆಲ್ಲ ಉರುಳಿದ ಮ್ಯಾಲೆ
ತಾ ಅಲ್ಲೇ ನಿಂತು.