ಒಂದೇ ವಿಳಾಸ

ಮಂಜೇಶ್ವರದ ಮೀನುಧಕ್ಕೆ. ಬೆಳಗಿನ ಜಾವ ಮೂರೂವರೆ.
ಐಸಿನ ಟೋಕನ್ ಕೊಡುವ ಪುಟ ಹಟ ಹಿಡಿದಿದೆ:
‘ತುಂಬಾ ಸಲ ಕೇಳಿದಿರಿ, ಆಮೇಲೆ ಬನ್ನಿ.’
ಒಂದೇ ಸಲ ಒತ್ತಿದ ಪೂವಕ್ಕನಿಗೂ ಅದೇ ಮಾತು.

ಆ್ಯಪು ಸತ್ತಿಲ್ಲ.
ಸರ್ವರಿನ ಒಳಗೇ ಕೂತು ಕರೆದೆ,
ನನಗೂ ಅದೇ ಉತ್ತರ.

ಲಾಗ್ ಬಿಚ್ಚಿದೆ. ಉದ್ದಕ್ಕೂ ಒಂದೇ ವಿಳಾಸ:
ನೂರ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಉಪ್ಪಳ, ಕುಂಬಳೆ, ಕಣ್ವತೀರ್ಥ,
ಅಷ್ಟೂ ದೋಣಿಯವರು ಸೇರಿ
ಒಬ್ಬನೇ ಮನುಷ್ಯ, ಒಂದೇ ಸಮನೆ ಕದ ಬಡಿಯುವವ.

ನಡುವಿನ ಪ್ರಾಕ್ಸಿ ಸುಳ್ಳಾಡಿರಲಿಲ್ಲ.
ಕೇಳಿದ್ದನ್ನು ದಾಟಿಸಿತ್ತು, ಕೇಳಿದವರನ್ನು ಹೊರಗೇ ಬಿಟ್ಟು.
ತಾಲೂಕು ಕಚೇರಿಯ ಜಗಲಿಯಲ್ಲಿ
ನನ್ನ ಕನ್ನಡದ ಅರ್ಜಿಯನ್ನು ಮಲಯಾಳಕ್ಕಿಳಿಸಿದ
ಕುಂಞಂಬುವೂ ಹಾಗೇ:
ವಿಷಯವೆಲ್ಲ ಸರಿ, ಕೆಳಗೆ ಅವನದೇ ರುಜು.

ಒಂದು ಸಾಲು ಸೇರಿಸಿದೆ: ಬಂದವರು ಯಾರೆಂದು ಒಳಗೆ ಹೇಳು.
ಒಳಗಿನದಕ್ಕೂ ಹೇಳಿದೆ: ಇವನು ಹೇಳಿದರೆ ನಂಬು.
ಏಳಲೇ ಇಲ್ಲ.
ಸಾಲಿನ ಕೊನೆಗೆ ಅರ್ಧವಿರಾಮ ಮರೆತಿದ್ದೆ.
ಇಟ್ಟೆ.

ಈಗ ಲಾಗಿನಲ್ಲಿ ಬೇರೆ ಬೇರೆ ಅಂಕಿಗಳು ಇಳಿಯುತ್ತಿವೆ.
ಪೂವಕ್ಕನದು ಯಾವುದೋ, ತಿಳಿಯದು.
ಹೊರಗೆ ಯಾರೋ
ಐಸಿನ ಗಡ್ಡೆಗೆ ಸುತ್ತಿಗೆ ಹಾಕಿದರು.