ರೂಮ್ ನಂಬರ್ ಇಪ್ಪತ್ತೇಳು

ಜುಬೈಲಿನ ಶುಕ್ರವಾರ. ಕ್ಯಾಂಪಿನ ತಗಡಿನ ಮೇಲೆ
ಬಿಸಿಲು ಮೊಳೆ ಹೊಡೆಯುತ್ತಿದೆ.
ಫೋನಿನ ಸ್ಪೀಕರ್ ನನ್ನ ಬೆವರು ಕುಡಿದೇ ಸತ್ತು ತಿಂಗಳಾಯಿತು;
ಅದಕ್ಕೇ ಈ ಲ್ಯಾಪ್‌ಟಾಪ್, ಮುನ್ನೂರು ರಿಯಾಲಿಗೆ
ಪಕ್ಕದ ರೂಮಿನ ಖಡ್ಕ ಬಹಾದೂರನಿಂದ ಕೊಂಡದ್ದು.
ಅರಬ್ಬಿ ಅಕ್ಷರದ ಕೀಲಿಗಳ ಮೇಲೆ
ಅವನ ಬೆರಳು ಸವೆಸಿದ ಜಾಗ ಹಾಗೇ ಇದೆ.

ಜಲಜಾಕ್ಷಿ ಕಳಿಸಿದ್ದಾಳೆ: ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಅವಳು ಒಂದು ನಿಮಿಷ ದಾಟಿದಳೆಂದರೆ
ಅದು ಕುಶಲವಲ್ಲ.

ಒತ್ತಿದೆ. ಹಸಿರು ಕಡ್ಡಿಗಳು
ಏಳುತ್ತವೆ, ಬೀಳುತ್ತವೆ, ಮತ್ತೆ ಏಳುತ್ತವೆ,
ಸದ್ದಿಲ್ಲ.
ಗಾಜಿನಾಚೆ ನಿಂತು ಜಗಳಾಡುವವಳ ಹಾಗೆ.

ವಾಲ್ಯೂಮ್ ನೂರಕ್ಕೇರಿಸಿದೆ. ಮ್ಯೂಟ್ ಇರಲಿಲ್ಲ.
ಆಫ್ ಮಾಡಿ ಆನ್ ಮಾಡಿದೆ; ಸೈಟಿನ ಜನರೇಟರಿಗೂ
ನಮಗೆ ಗೊತ್ತಿರುವ ಮದ್ದು ಅದೊಂದೇ.
ಅಸೈನಾರ್ ಮೇಲಿನ ಮಂಚದಿಂದ ಕಾಲು ಇಳಿಬಿಟ್ಟು
'ಡ್ರೈವರ್ ಹೋಗಿದೆ' ಅಂದ.
ಅವನೂ ಡ್ರೈವರೇ. ಮೂರು ವರ್ಷದಿಂದ ಎಲ್ಲಿಗೂ ಹೋಗಿಲ್ಲ.
ಇಯರ್‌ಫೋನಿನ ತೂತಿಗೆ ಊದಿದೆ, ಚಿಟಿಕೆ ಮರಳು ಹಾರಿತು.
ಮತ್ತೆ ಮೊದಲಿಂದ. ಮೂರನೆಯ ಸಲ
ಕಿವಿಯನ್ನು ಕೀಲಿಗಳಿಗೇ ಒತ್ತಿಕೊಂಡು.

ಗೋಡೆ ತಟ್ಟಿದರು ಯಾರೋ. ಆಮೇಲೆ ಬಾಗಿಲು.

ಖಡ್ಕ ಬಹಾದೂರ್. ಮೊಣಕೈವರೆಗೆ ಗೋಧಿಹಿಟ್ಟು,
ಬಗಲಲ್ಲಿ ಅವನ ಆ ಕೆಂಪು ಬ್ಲೂಟೂತ್ ಸ್ಪೀಕರು,
ಅದರೊಳಗಿಂದ ಜಲಜಾಕ್ಷಿ:
'ಸಂಘದ್ ಕಂತ್ ಕಟ್ಟುಕೆ ನಾನ್ ಬಳಿ ಅಡ ಇಟ್ಟದ್ದ್
ಗೊತ್ತಿತ್ತಾ ನಿಮ್ಗೆ? ಎಲ್ಲಾ ಸಮ ಇತ್ತ್, ಸಮ ಇತ್ತ್ ಅಂದ್
ಎಷ್ಟ್ ದಿನ ಹೇಳುದ್ ನಾನ್?'

ಯಂತ್ರ ಮಾರಿದ್ದ, ಅದರ ನಂಟು ಕಡಿದು ಕೊಟ್ಟಿರಲಿಲ್ಲ.
ಅದಿನ್ನೂ ನನ್ನ ಮನೆಯ ಮಾತನ್ನು
ಹಳೆಯ ಒಡೆಯನಿಗೇ ಒಯ್ದು ಒಪ್ಪಿಸುತ್ತಿತ್ತು.
ಮೂರು ಸಲ ಕೇಳಿದ್ದಾರೆ ಎಂಟು ಜನ,
ಚಪಾತಿ ಲಟ್ಟಿಸುತ್ತ,
ಒಂದಕ್ಷರ ತಿಳಿಯದೆ.

'ಭಾಭಿ ಹೇಳುವುದೇ ಸರಿ' ಅಂದ ಖಡ್ಕ.
'ಏನು ಹೇಳಿದಳು, ಗೊತ್ತೇನು ನಿನಗೆ?'
'ಇಲ್ಲ. ಆದರೆ ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರಲ್ಲ,
ಆಗ ನಾವೂ ಲಟ್ಟಣಿಗೆ ನಿಲ್ಲಿಸಿದೆವು.'

ಸ್ಪೀಕರಿನ ಗುಂಡಿ ಅದುಮಿ, ಹಿಟ್ಟಿನ ಬೆರಳಚ್ಚು ಬಿಟ್ಟು, ಹೋದ.
ಮಾತು ಅರ್ಧದಲ್ಲಿ ಹಾರಿ ನನ್ನ ತೊಡೆಯ ಮೇಲೆ ಬಿತ್ತು.
ವಾಲ್ಯೂಮ್ ಇನ್ನೂ ನೂರರಲ್ಲಿತ್ತು.
ಅಸೈನಾರ್ ಗೋಡೆಯ ಕಡೆ ಮಗ್ಗುಲಾದ.
ಕೈ ಅದರ ಹತ್ತಿರ ಹೋಯಿತು.
ಇಳಿಸಲಿಲ್ಲ.